ಹಿತ್ತಲ ಷೆಡ್ಡಿನಲ್ಲಿ ರೇಸ್ ಕಾರು

ಪ್ರಶ್ನೆ: ನನ್ನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ಇಂಗ್ಲೆಂಡಿನಲ್ಲಿ ಜನ ಹಳೆಯ ಕಾಲದ ರೇಸ್ ಕಾರುಗಳ ಪ್ರತಿಕೃತಿಗಳನ್ನು ಮನೆಯ ಷೆಡ್ಡಿನಲ್ಲೇ ಕಟ್ಟಿ ಓಡಿಸುತ್ತಾರೆ ಎನ್ನುತ್ತಾನೆ. ಕಾರ್ಖಾನೆಯಲ್ಲಿ ನೂರಾರು ಜನ ಸೇರಿ ಮಾಡುವ ಕೆಲಸವನ್ನು ಒಬ್ಬನೇ ಮಾಡುವುದು ಹೇಗೆ? ಅದು ನಿಜವಾದರೆ ನಮ್ಮಲ್ಲಿ ಯಾಕೆ ಕಾಣುವುದಿಲ್ಲ? ನಾನೂ ಕಟ್ಟುತ್ತೇನೆ ಎಂದು ಇವನು ಹಟ ಹಿಡಿದರೆ ಏನು ಹೇಳಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಕಟ್ಟುತ್ತಾರೆ, ಓಡಿಸುತ್ತಾರೆ, ರಜಾದಿನ ಬಂದರೆ ಅದೇ ಕಾರನ್ನು ರೇಸಿಗೂ ಇಳಿಸುತ್ತಾರೆ. ಆದರೆ ಹಳೆಯ ರೇಸ್ ಕಾರುಗಳೆಲ್ಲ ಮನೆಯಲ್ಲಿ ಕಟ್ಟಲು ಒಗ್ಗುವಂಥವಲ್ಲ. 1924ರಲ್ಲಿ ಫ್ರಾನ್ಸಿನ ಲಿಯಾನ್ ಗ್ರಾನ್‌ಪ್ರಿಯಲ್ಲಿ ಮೊದಲ ಸಲ ಕಣಕ್ಕಿಳಿದ ಬುಗಾಟಿ ಟೈಪ್ 35 ಕಾರನ್ನೇ ನೋಡಿ. ಎಂಟು ಸಿಲಿಂಡರಿನ ಎಂಜಿನ್ನು, ಅಲ್ಯೂಮಿನಿಯಂ ಎರಕದ ಚಕ್ರಗಳು, ಗಡಿಯಾರದವನ ಕೈಯಲ್ಲಿ ಮಾಡಿಸಿದಂಥ ಕ್ರ್ಯಾಂಕು. ಇದರ ಪ್ರತಿಕೃತಿ ಮಾಡುವವರೂ ಇದ್ದಾರೆ. ಅರ್ಜೆಂಟೀನಾದ ಪರಾನಾ ಊರಿನ ಪುರ್ ಸಾಂಗ್ ಎಂಬ ಸಂಸ್ಥೆ ಅದಕ್ಕೇ ಹೆಸರುವಾಸಿ. ಆದರೆ ಅದು ಎರಕ, ಲೇತು, ನುರಿತ ಕೆಲಸಗಾರರು ಎಲ್ಲ ಇರುವ ಕಾರ್ಖಾನೆ. 1951ರಲ್ಲಿ ಲ ಮಾನ್ ರೇಸ್ ಗೆದ್ದ ಜಾಗ್ವಾರ್ ಸಿ-ಟೈಪಿನ ಮೈ ಪೂರ್ತಿ ಉಬ್ಬು ತಗ್ಗು. ಅಷ್ಟು ತಗಡನ್ನು ಬಡಿದು ಬಾಗಿಸಲು ವರ್ಷಗಟ್ಟಲೆ ಕೈ ಪಳಗಿರಬೇಕು. ಇವನ್ನು ಷೆಡ್ಡಿನಲ್ಲಿ ಕಟ್ಟಿದೆ ಎನ್ನುವವರಲ್ಲಿ ಹೆಚ್ಚಿನವರು ಮುಖ್ಯ ಭಾಗಗಳನ್ನು ದುಡ್ಡು ಕೊಟ್ಟು ತರಿಸಿ ಜೋಡಿಸಿದವರು. ಅದು ತಪ್ಪಲ್ಲ, ಆದರೆ ನೀವು ಕೇಳಿದ ಸಂಗತಿ ಅದಲ್ಲ.

ನಿಜವಾಗಿ ಕಬ್ಬಿಣದ ಪೈಪು ಕೊಯ್ಯುವುದರಿಂದ ಶುರುಮಾಡಿ ಒಬ್ಬನೇ ಕಟ್ಟುವ ಕಾರು ಒಂದಿದೆ. ಅದು ಲೋಟಸ್ ಸೆವೆನ್. 1957ರಲ್ಲಿ ಬಂದದ್ದು. ಇಬ್ಬರು ಕೂರುವ ಗಾಡಿ, ಬಾಗಿಲಿಲ್ಲ, ಗಟ್ಟಿ ಚಾವಣಿಯಿಲ್ಲ. ಮುಂದಿನ ಚಕ್ರಗಳು ಮೈಯಿಂದ ಆಚೆ ನಿಂತಿರುತ್ತವೆ. ಉದ್ದ ಮೂತಿ. ಕೂತವರ ಬೆನ್ನು ಹೆಚ್ಚುಕಡಿಮೆ ಹಿಂದಿನ ಆಕ್ಸಲ್‌ಗೆ ತಾಗುವಷ್ಟು ಹಿಂದೆ. ವಾರವೆಲ್ಲ ಆಫೀಸಿಗೆ ಓಡಿಸಿ, ಭಾನುವಾರ ಅದರಲ್ಲೇ ರೇಸ್ ಮೈದಾನಕ್ಕೆ ಹೋಗಿ, ಓಡಿಸಿ, ಗೆದ್ದೋ ಸೋತೋ ಅದರಲ್ಲೇ ಮನೆಗೆ ಬರಲಿ ಎಂದು ಮಾಡಿದ ಕಾರು. ಇದನ್ನು ಒಬ್ಬನೇ ಕಟ್ಟಲು ಸಾಧ್ಯವಾಗುವುದು ಆ ಮನುಷ್ಯ ಭಾರಿ ಪ್ರತಿಭಾವಂತ ಎಂದಲ್ಲ. ಈ ಕಾರು ಹುಟ್ಟಿದ್ದೇ ಷೆಡ್ಡಿನಲ್ಲಿ, ಷೆಡ್ಡಿನವರಿಗಾಗಿ.

ಇದರ ಕರ್ತೃ ಕಾಲಿನ್ ಚಾಪ್‌ಮನ್. ಮುಂದೆ ಫಾರ್ಮುಲಾ ಒನ್‌ನಲ್ಲಿ ಏಳು ಸಲ ತಯಾರಕರ ಪ್ರಶಸ್ತಿ ಗೆದ್ದ ತಂಡದ ಒಡೆಯ. 1948ರಲ್ಲಿ ಆತ ಲಂಡನ್ನಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ ಹಾಕಿ, ಗೆಳತಿ ಹೇಝೆಲ್ಲಳ ಮನೆಯ ಹಿಂದಿನ ಗ್ಯಾರೇಜಿನಲ್ಲಿ ತನ್ನ ಮೊದಲ ಕಾರು ಕಟ್ಟಿದ. 1952ರಲ್ಲಿ ಲೋಟಸ್ ಕಂಪನಿ ಶುರುಮಾಡಲು ಬಂಡವಾಳವಾಗಿ ಸಿಕ್ಕಿದ್ದು ಆಕೆಯೇ ಕೊಟ್ಟ 25 ಪೌಂಡ್ ಸಾಲ. ಕಾರ್ಖಾನೆ ಎಂದರೆ ಲಂಡನ್ನಿನ ಹಾರ್ನ್ಸಿಯಲ್ಲಿ ಅಪ್ಪ ನಡೆಸುತ್ತಿದ್ದ ರೈಲ್ವೆ ಹೋಟೆಲಿನ ಹಿಂದಿದ್ದ ಹಳೆಯ ಕುದುರೆ ಲಾಯ. ಆಮೇಲೆ ಅವರಿಬ್ಬರೂ ಮದುವೆಯಾದರು. ಸಾಲ ತೀರಿತೋ ಇಲ್ಲವೋ, ಲೆಕ್ಕ ಮನೆಯೊಳಗೇ ಉಳಿಯಿತು.

ಇದರ ಜೊತೆಗೆ ತೆರಿಗೆಯ ಕಥೆಯೂ ಸೇರಿಕೊಂಡಿದೆ. ಯುದ್ಧಕಾಲದಲ್ಲಿ ಬ್ರಿಟನ್ ಐಷಾರಾಮಿ ವಸ್ತುಗಳ ಮೇಲೆ ‘ಪರ್ಚೇಸ್ ಟ್ಯಾಕ್ಸ್’ ಎಂಬ ಭಾರಿ ತೆರಿಗೆ ಹಾಕಿತು. ಪೂರ್ತಿ ಕಾರಿಗೆ ಅದು ಲಾಗೂ ಆಗುತ್ತಿತ್ತು, ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಿಕೊಂಡರೆ ಇಲ್ಲ. ಚಾಪ್‌ಮನ್ ಕಾರನ್ನು ಪೆಟ್ಟಿಗೆಗಳಲ್ಲಿ ಮಾರತೊಡಗಿದ. ಜೋಡಿಸುವ ವಿಧಾನವನ್ನು ಬರೆದು ಕೊಡುವಂತಿಲ್ಲ ಎಂದು ತೆರಿಗೆಯವರು ತಕರಾರು ತೆಗೆದಾಗ, ಕಾರನ್ನು ಬಿಚ್ಚುವುದು ಹೇಗೆ ಎಂದು ಬರೆದು ಕೊಟ್ಟನಂತೆ. ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರೆ ಆಯಿತು. ಲೋಟಸ್ ವಲಯದಲ್ಲಿ ಇದನ್ನು ಹೇಳದವರಿಲ್ಲ. ಚಾಪ್‌ಮನ್‌ನ ಸ್ವಭಾವ ಗೊತ್ತಿದ್ದವರು ಯಾರೂ ಇದನ್ನು ಅನುಮಾನಿಸುವುದಿಲ್ಲ. 1973ರ ಏಪ್ರಿಲ್‌ನಲ್ಲಿ ವ್ಯಾಟ್ ಬಂದು ಆ ರಿಯಾಯಿತಿ ಹೋಯಿತು. ಅದೇ ವರ್ಷ ಲೋಟಸ್ ಈ ಕಾರಿನ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಸಂಸ್ಥೆಗೆ ಬಿಟ್ಟುಕೊಟ್ಟಿತು. ಅವರು ಇವತ್ತಿಗೂ ಮಾಡುತ್ತಿದ್ದಾರೆ.

ಅಷ್ಟಾದರೂ ಅದು ಕಂಪನಿಯ ಕಿಟ್. ಪೂರ್ತಿ ಷೆಡ್ಡಿಗೆ ಇಳಿಸಿದವರು ರಾನ್ ಚಾಂಪಿಯನ್. ಇಂಗ್ಲೆಂಡಿನ ಔಂಡಲ್ ಶಾಲೆಯಲ್ಲಿ ಮೇಷ್ಟ್ರು. ಸೆವೆನ್‌ನ ಅಚ್ಚಿನಲ್ಲೇ ಒಂದು ಕಾರನ್ನು ಗುಜರಿ ಸಾಮಾನಿನಿಂದ ಕಟ್ಟಿ, 1996ರಲ್ಲಿ ಹೇನ್ಸ್ ಪ್ರಕಾಶನದಿಂದ ಅಳತೆ ಸಮೇತ ಪುಸ್ತಕ ಹೊರಡಿಸಿದರು. ಬರೀ 250 ಪೌಂಡಿನಲ್ಲಿ ಸ್ಪೋರ್ಟ್ಸ್ ಕಾರು ಕಟ್ಟಿ ಎಂಬರ್ಥದ ಹೆಸರು. ಜನ ಮುಗಿಬಿದ್ದು ಕೊಂಡರು. ಈ ಜಾತಿಯ ಕಾರಿಗೆ ‘ಲೋಕಾಸ್ಟ್’ ಎಂದೇ ಹೆಸರು ಬಿತ್ತು. 1939ರಲ್ಲಿ ಹುಟ್ಟಿದ 750 ಮೋಟಾರ್ ಕ್ಲಬ್ ಇವುಗಳಿಗೆಂದೇ ಒಂದು ರೇಸ್ ಸರಣಿ ಶುರುಮಾಡಿತು. ಆ 250 ಪೌಂಡಿನ ಮಾತನ್ನು ನಾನಂತೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ವೆಲ್ಡಿಂಗ್ ಸೆಟ್ಟು ಮೊದಲೇ ಮನೆಯಲ್ಲಿದ್ದು, ಗುಜರಿ ಕಾರು ಬಿಟ್ಟಿಯಂತೆ ಸಿಕ್ಕಿ, ನಿಮ್ಮ ಸಮಯಕ್ಕೆ ಬೆಲೆಯೇ ಇಲ್ಲದಿದ್ದರೆ ಆದೀತು. ನಾಲ್ಕು ಒಳ್ಳೆಯ ಟೈರು ಕೊಂಡರೇ ಲೆಕ್ಕ ತಪ್ಪುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಬೇಕಾದದ್ದು ಎಂಜಿನ್ನೂ ಅಲ್ಲ, ಚಕ್ರವೂ ಅಲ್ಲ. ಸಪಾಟಾದ ಒಂದು ಮೇಜು. ಎಂಟಡಿ ಉದ್ದ ನಾಲ್ಕಡಿ ಅಗಲದ ದಪ್ಪ ಪ್ಲೈವುಡ್ ಹಲಗೆಯನ್ನು ಅಲುಗಾಡದ ಚೌಕಟ್ಟಿನ ಮೇಲೆ ಮಟ್ಟಸವಾಗಿ ಕೂರಿಸಿ, ಚಾಸಿಯ ತಳದ ನಕ್ಷೆಯನ್ನು ನಿಜವಾದ ಅಳತೆಯಲ್ಲೇ ಅದರ ಮೇಲೆ ಬರೆಯುತ್ತಾರೆ. ಗೆರೆಗಳ ಎರಡೂ ಬದಿಗೆ ಮರದ ತುಂಡುಗಳನ್ನು ಮೊಳೆ ಹೊಡೆದು ಕೂರಿಸುತ್ತಾರೆ. ಕೊಯ್ದ ಪೈಪುಗಳು ಆ ತುಂಡುಗಳ ನಡುವೆ ಮಲಗುತ್ತವೆ. ಪೈಪು ಯಾವುದು ಎಂದರೆ, ನಮ್ಮೂರ ಗ್ರಿಲ್ ವರ್ಕ್ಸ್ ಅಂಗಡಿಯ ಮುಂದೆ ಒರಗಿಸಿಟ್ಟಿರುವಂಥ ಒಂದಂಗುಲದ ಸ್ಕ್ವೇರ್ ಪೈಪು, 1.6 ಮಿಲಿಮೀಟರ್ ದಪ್ಪದ್ದು. ವಿಶೇಷ ಲೋಹವೇನೂ ಅಲ್ಲ.

ಹಾಗಾದರೆ ಅಷ್ಟು ತೆಳ್ಳನೆಯ ಪೈಪು ಕಾರನ್ನು ಹೊರುವುದು ಹೇಗೆ? ನಾಲ್ಕು ಪೈಪು ಸೇರಿಸಿ ಚೌಕ ಮಾಡಿದರೆ ಮೂಲೆಗೆ ಒತ್ತಿದ ಕೂಡಲೇ ಓರೆಯಾಗುತ್ತದೆ. ತೋಟದ ಗೇಟು ಜೋತು ಬೀಳದಿರಲಿ ಎಂದು ಬಡಗಿ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಹೊಡೆಯುತ್ತಾನಲ್ಲ, ಅದೇ ಉಪಾಯ ಇಲ್ಲಿಯದೂ. ಓರೆಪಟ್ಟಿ ಬಿದ್ದರೆ ಚೌಕ ಎರಡು ತ್ರಿಕೋನವಾಗುತ್ತದೆ, ತ್ರಿಕೋನಕ್ಕೆ ಓರೆಯಾಗಲು ದಾರಿಯಿಲ್ಲ. ಆಗ ಪೈಪುಗಳ ಮೇಲೆ ಬೀಳುವ ಭಾರವೆಲ್ಲ ಉದ್ದಕ್ಕೆ ಎಳೆತ ಅಥವಾ ಒತ್ತಡವಾಗಿ ಹರಿದುಹೋಗುತ್ತದೆ. ಅದನ್ನು ತೆಳ್ಳನೆಯ ಪೈಪೂ ತಡೆಯಬಲ್ಲದು. ಸ್ಪೇಸ್ ಫ್ರೇಮ್ ಎನ್ನುವುದು ಇದನ್ನೇ. ಚಾಪ್‌ಮನ್ ಕಾಲೇಜಿನಲ್ಲಿ ಕಲಿತದ್ದು ಕಟ್ಟಡ ಸೇತುವೆಗಳ ಲೆಕ್ಕ, ಅದನ್ನು ಕಾರಿಗೆ ಇಳಿಸಿದ. ಸೆವೆನ್‌ಗಿಂತ ಮೊದಲು 1952ರಲ್ಲಿ ಬಂದ ಲೋಟಸ್ ಮಾರ್ಕ್ ಸಿಕ್ಸ್‌ನ ಬರೀ ಚೌಕಟ್ಟು ಸುಮಾರು 25 ಕಿಲೋ. ಒಬ್ಬ ಆಳು ಹೆಗಲ ಮೇಲೆ ಹೊತ್ತು ನಡೆಯಬಹುದು.

ವೆಲ್ಡಿಂಗ್‌ನಲ್ಲಿ ಹೊಸಬರು ಎಡವುವುದು ಆತುರದಿಂದ. ಮೊದಲು ಎಲ್ಲ ಜಾಯಿಂಟಿಗೂ ಬರೀ ಟ್ಯಾಕ್, ಅಂದರೆ ಒಂದೊಂದು ಚುಕ್ಕೆ ವೆಲ್ಡ್. ಇಡೀ ಚೌಕಟ್ಟು ನಿಂತ ಮೇಲೆ ಟೇಪು ಹಿಡಿದು ಕರ್ಣಗಳನ್ನು ಅಳೆಯಬೇಕು, ಎರಡೂ ಒಂದೇ ಬರಬೇಕು. ಆಮೇಲೇ ಪೂರ್ತಿ ವೆಲ್ಡ್. ಅದನ್ನೂ ಒಂದೇ ಕಡೆಯಿಂದ ಎಳೆದುಕೊಂಡು ಹೋಗುವಂತಿಲ್ಲ. ಇಲ್ಲಿ ಒಂದಂಗುಲ ಹಾಕಿದರೆ ಮುಂದಿನದು ಎದುರು ಮೂಲೆಯಲ್ಲಿ. ಕಾದ ಲೋಹ ಆರುವಾಗ ಕುಗ್ಗಿ ಪೈಪನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಒಂದೇ ಬದಿಗೆ ಹಾಕುತ್ತ ಹೋದರೆ ಸಂಜೆಯ ಹೊತ್ತಿಗೆ ಚೌಕಟ್ಟು ಬಾಳೆಕಾಯಾಗಿರುತ್ತದೆ.

ವೆಲ್ಡ್ ಮೇಲೆ ಚೆನ್ನಾಗಿ ಕಂಡರೆ ಸಾಲದು. ಅದೇ ಪೈಪಿನ ಎರಡು ತುಂಡನ್ನು ಬೆಸೆದು, ವೈಸಿಗೆ ಕಚ್ಚಿಸಿ, ಸುತ್ತಿಗೆಯಲ್ಲಿ ಬಡಿದು ಬಗ್ಗಿಸಬೇಕು. ಪೈಪು ಹರಿದು ವೆಲ್ಡ್ ಉಳಿದರೆ ಕೈ ಕುದುರಿದೆ ಎಂದರ್ಥ. ವೆಲ್ಡೇ ಪಟ್ಟಿಯ ಹಾಗೆ ಎದ್ದು ಬಂದರೆ, ಲೋಹ ಒಳಗಿಳಿಯದೆ ಮೇಲೆ ಕೂತಿತ್ತು. ಎದ್ದ ಜಾಗದಲ್ಲಿ ಪೈಪಿನ ಮೈ ನುಣ್ಣಗೆ, ಏನೂ ಆಗದವರ ಹಾಗೆ ಹೊಳೆಯುತ್ತಿರುತ್ತದೆ. ಅಂಥ ವೆಲ್ಡಿನ ಮೇಲೆ ಸಸ್ಪೆನ್ಷನ್ ತೂಗುಹಾಕಿ ಗಂಟೆಗೆ ನೂರು ಕಿಲೋಮೀಟರ್ ಹೋಗುವವನಿಗೆ ಏನಾಗಬಹುದು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ತಿಳಿದವರು ಚೌಕಟ್ಟನ್ನು ತಾವೇ ಟ್ಯಾಕ್ ಮಾಡಿ, ಸಸ್ಪೆನ್ಷನ್, ಸೀಟ್‌ಬೆಲ್ಟ್ ಮತ್ತು ಕಾರು ಮಗುಚಿದಾಗ ತಲೆ ಕಾಯುವ ರೋಲ್‌ಬಾರ್ ಕೂರುವ ಜಾಗಗಳನ್ನಾದರೂ ಅನುಭವಸ್ಥ ವೆಲ್ಡರ್ ಕೈಲಿ ಮಾಡಿಸುತ್ತಾರೆ.

ಉಳಿದದ್ದು ಬಹುಪಾಲು ಗುಜರಿಯಿಂದ. ಚಾಂಪಿಯನ್ ಆರಿಸಿಕೊಂಡದ್ದು ಹಳೆಯ ಫೋರ್ಡ್ ಎಸ್ಕಾರ್ಟ್. ಎಂಜಿನ್ ಮುಂದೆ, ಉದ್ದಕ್ಕೆ. ಗೇರ್‌ಬಾಕ್ಸ್ ಅದರ ಹಿಂದೆ. ಪ್ರೊಪೆಲರ್ ಶಾಫ್ಟ್ ಹಿಂದಿನ ಆಕ್ಸಲ್ ತಿರುಗಿಸುತ್ತದೆ. ಸೆವೆನ್‌ನ ವ್ಯವಸ್ಥೆಯೂ ಅದೇ ಆದ್ದರಿಂದ ಎಲ್ಲವೂ ಹಾಗೇ ಎತ್ತಿ ಇಡಬಹುದು. ಶಾಫ್ಟನ್ನು ಮಾತ್ರ ಕೊಯ್ದು ಗಿಡ್ಡ ಮಾಡಿ ಬ್ಯಾಲೆನ್ಸ್ ಮಾಡಿಸಬೇಕು. ತೊಡಕು ಮುಂದಿನ ಚಕ್ರದ್ದು. ಎಸ್ಕಾರ್ಟಿನಲ್ಲಿ ಅಲ್ಲಿ ಎತ್ತರದ ಸ್ಟ್ರಟ್, ಅಂದರೆ ಸ್ಪ್ರಿಂಗ್ ಸುತ್ತಿಕೊಂಡ ನೆಟ್ಟಗಿನ ಕಂಬ, ಇದೆ. ಸೆವೆನ್‌ನ ಬಾನೆಟ್ಟು ತೀರ ತಗ್ಗು, ಸ್ಟ್ರಟ್ಟಿಗೆ ಆಸರೆ ಕೊಡಲು ಅಲ್ಲಿ ಏನೂ ಇಲ್ಲ. ಅದಕ್ಕೆ ಚಾಂಪಿಯನ್ ಫೋರ್ಡ್ ಕಾರ್ಟಿನಾದ ಅಪ್‌ರೈಟ್, ಅಂದರೆ ಚಕ್ರದ ಹಬ್ಬನ್ನು ಹಿಡಿದಿರುವ ಆ ದಪ್ಪ ಎರಕದ ತುಂಡನ್ನು ತಂದು, ಅದನ್ನು ಮೇಲೂ ಕೆಳಗೂ ಹಿಡಿಯುವ ವಿಷ್‌ಬೋನುಗಳನ್ನು ಪೈಪಿನಲ್ಲೇ ಮಾಡಿಸಿದರು.

ಇದು ಬಡವರ ಜುಗಾಡು ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಅಸಲಿ ಸೆವೆನ್ ಹುಟ್ಟಿದ್ದೂ ಹೀಗೆಯೇ. ಮೊದಲ ಕಾರುಗಳಿಗೆ ಹಾಕಿದ್ದು ಫೋರ್ಡಿನ 1172 ಸಿಸಿ ಎಂಜಿನ್ನು, 40 ಅಶ್ವಶಕ್ತಿಯದು, ಮಾಮೂಲಿ ಸಂಸಾರಸ್ಥರ ಕಾರಿನದು. 1960ರ ಎರಡನೇ ಸರಣಿಗೆ ಸ್ಟಿಯರಿಂಗ್ ಟ್ರಯಂಫ್ ಹೆರಾಲ್ಡಿನದು, ಹಿಂದಿನ ಆಕ್ಸಲ್ ಸ್ಟ್ಯಾಂಡರ್ಡ್ ಕಂಪನಿಯ ಒಂದು ಸಾದಾ ಸ್ಟೇಷನ್ ವ್ಯಾಗನ್ನಿನದು. ಹೆರಾಲ್ಡ್ ಎಂದರೆ ನಿಮ್ಮ ವಯಸ್ಸಿನವರಿಗೆ ನೆನಪಿರಬೇಕು: ಮದ್ರಾಸಿನಲ್ಲಿ ತಯಾರಾಗಿ ನಮ್ಮೂರುಗಳಲ್ಲಿ ಡಾಕ್ಟರು, ವಕೀಲರು ಓಡಿಸುತ್ತಿದ್ದ ಅದೇ ಸ್ಟ್ಯಾಂಡರ್ಡ್ ಹೆರಾಲ್ಡ್. ಹಾಗಾಗಿ ಯಾವುದು ಅಸಲಿ ಯಾವುದು ನಕಲಿ ಎಂಬ ಜಗಳ ಈ ಕಾರಿನ ಮಟ್ಟಿಗೆ ನನಗೆ ಅಷ್ಟು ಅರ್ಥಪೂರ್ಣ ಎನಿಸುವುದಿಲ್ಲ. ಬುಗಾಟಿಯ ವಿಷಯದಲ್ಲಿ ಬೇಕಾದರೆ ಕೇಳಿ.

ಮೈಗೆ ಅಲ್ಯೂಮಿನಿಯಂ ಹಾಳೆ. ಬದಿ, ತಳ, ಬಾನೆಟ್ಟಿನಲ್ಲಿ ಬಡಿದು ಉಬ್ಬಿಸುವಂಥದ್ದು ಇಲ್ಲವೆಂದೇ ಹೇಳಬಹುದು, ಸುತ್ತಿದರೆ ಸಾಕು. ಮೂತಿ ಮತ್ತು ಮಡ್‌ಗಾರ್ಡಿನ ಕಷ್ಟ ಚಾಪ್‌ಮನ್‌ಗೂ ಬಂದಿತ್ತು. ಎರಡನೇ ಸರಣಿಯಿಂದ ಅವನ್ನು ಫೈಬರ್‌ಗ್ಲಾಸ್ ಮಾಡಿಬಿಟ್ಟ. ಮನೆಯಲ್ಲಿ ಕಟ್ಟುವವರೂ ಅವೆರಡನ್ನು ಕೊಂಡೇ ತರುತ್ತಾರೆ. ಹಾಳೆಯನ್ನು ಚೌಕಟ್ಟಿಗೆ ರಿವೆಟ್ ಹೊಡೆಯುವ ಮುಂಚೆ ಪೈಪಿಗೆ ಬಣ್ಣ, ನಡುವೆ ಸೀಲೆಂಟು ಇರಲೇಬೇಕು. ಬರೀ ಕಬ್ಬಿಣಕ್ಕೆ ಅಲ್ಯೂಮಿನಿಯಂ ತಾಗಿ ಮಳೆನೀರು ಸೇರಿದರೆ ಒಂದೆರಡು ವರ್ಷದಲ್ಲಿ ಹಾಳೆ ಬಿಳಿ ಪುಡಿಯಾಗಿ ಉದುರತೊಡಗುತ್ತದೆ.

ಇಲ್ಲಿಯವರೆಗಿನದು ಉಮೇದಿನ ಭಾಗ. ಚೌಕಟ್ಟಿನ ಮೇಲೆ ಎಂಜಿನ್ನು ಕೂರಿಸಿದ ದಿನ ಫೋಟೊ ತೆಗೆಸಿಕೊಂಡು ಎಲ್ಲರಿಗೂ ಕಳಿಸುತ್ತಾರೆ. ಅಲ್ಲಿಂದಾಚೆ ವೈರಿಂಗ್, ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ರೇಡಿಯೇಟರ್ ಹೋಸು, ಪೆಟ್ರೋಲ್ ಟ್ಯಾಂಕು, ವೈಪರು. ಫೋಟೊದಲ್ಲಿ ಯಾವುದೂ ಕಾಣುವುದಿಲ್ಲ. ಇಂಗ್ಲೆಂಡಿನಲ್ಲಿ ‘ಅರ್ಧ ಕಟ್ಟಿದ ಕಾರು ಮಾರಾಟಕ್ಕಿದೆ’ ಎಂಬ ಜಾಹೀರಾತುಗಳಿಗೆ ಬರವಿಲ್ಲ. ಹೆಚ್ಚಿನವು ನಿಂತಿರುವುದು ಈ ಘಟ್ಟದಲ್ಲೇ.

ಕಟ್ಟಿ ಮುಗಿಸಿದರೆ ಪರೀಕ್ಷೆ. ಬ್ರಿಟನ್ನಿನಲ್ಲಿ 1998ರಿಂದ, ಹೊಸ ರೂಪದಲ್ಲಿ 2009ರಿಂದ, ಬಿಡಿಯಾಗಿ ಕಟ್ಟಿದ ಒಂದೊಂದೇ ವಾಹನವನ್ನು ಸರ್ಕಾರಿ ಪರೀಕ್ಷಕರು ನೋಡುತ್ತಾರೆ. ಬ್ರೇಕು, ಹೊಗೆ, ಸದ್ದು, ದೀಪ, ಸೀಟ್‌ಬೆಲ್ಟಿನ ಆಧಾರ. ದಾರಿಹೋಕರಿಗೆ ತಾಗಬಹುದಾದ ಅಂಚು ಚೂಪಾಗಿರಬಾರದು, 2.5 ಮಿಲಿಮೀಟರ್‌ನಷ್ಟಾದರೂ ದುಂಡಾಗಿರಬೇಕು. ಅದಕ್ಕೆಂದು ಬೋಲ್ಟಿನ ತಲೆಗಳಿಗೆಲ್ಲ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಬರುತ್ತಾರೆ, ಪಾಸಾದ ಮೇಲೆ ಎಷ್ಟು ಜನ ಕಿತ್ತುಹಾಕುತ್ತಾರೋ ಅವರನ್ನೇ ಕೇಳಬೇಕು. ವಯಸ್ಸು ಇಂಥದ್ದು ಎಂದು ಹೇಳಲಾಗದ ಹಳೆಯ ಹೊಸ ಭಾಗಗಳ ಬೆರಕೆಯಾದರೆ ಕ್ಯೂ ಅಕ್ಷರದ ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ರಸ್ತೆಗೆ ಬರುತ್ತದೆ.

ನಮ್ಮಲ್ಲಿ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಕೈಯ ಕಸುಬಿಗೆ ನಮ್ಮಲ್ಲಿ ಕೊರತೆಯಿಲ್ಲ. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ರೇಸ್ ನಡೆಯುತ್ತಿದ್ದ ದಶಕಗಳಲ್ಲಿ, ಹೊರದೇಶದ ಕಾರು ತರಿಸುವುದು ಕಷ್ಟವಾದ್ದರಿಂದ ಇಲ್ಲಿಯ ಸಾಮಾನಿನಲ್ಲೇ ಕಟ್ಟಿದ ಕಾರುಗಳು ಓಡಿವೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಕೂರಿಸಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸ್ ಕಾರುಗಳನ್ನೇ ತಯಾರಿಸಿದರು. ಎಷ್ಟೋ ಹುಡುಗರು ರೇಸ್ ಕಲಿತದ್ದು ಅದರಲ್ಲಿ.

ಅಡ್ಡಿ ಇರುವುದು ಕಾನೂನಿನಲ್ಲಿ. ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ತಯಾರಕರು ವಾಹನದ ಮಾದರಿಯನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆಗೊಡ್ಡಿ ಒಪ್ಪಿಗೆ ಪಡೆಯಬೇಕು. ಸಾವಿರಾರು ಕಾರು ಮಾರುವ ಕಂಪನಿಗೆ ಅದರ ಖರ್ಚು ಹಂಚಿಹೋಗುತ್ತದೆ. ಒಂದೇ ಕಾರು ಕಟ್ಟಿದವನ ಕೈಗೆ ಅದು ನಿಲುಕುವ ಬಾಬತ್ತಲ್ಲ. ಹಳೆಯ ಕಾರಿನ ಆರ್‌ಸಿ ಇಟ್ಟುಕೊಂಡು ಅದರ ಹೆಸರಿನಲ್ಲೇ ಇದನ್ನು ಓಡಿಸೋಣ ಎಂದು ಕೆಲವರು ಯೋಚಿಸುತ್ತಾರೆ. ಅದೂ ಆಗದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲ ವಿನ್ಯಾಸ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಖಚಿತ ಮಾಡಿತು. ಬ್ರಿಟನ್ನಿನ ಹಾಗೆ ಒಂದೊಂದೇ ಕಾರನ್ನು ಕೈಗೆಟುಕುವ ಶುಲ್ಕಕ್ಕೆ ಪರೀಕ್ಷಿಸಿ ಪಾಸು ಮಾಡುವ ವ್ಯವಸ್ಥೆ ಇಲ್ಲಿ ಬಂದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನಮ್ಮ ರಸ್ತೆಗಳಲ್ಲಿ ಓಡುತ್ತಿರುವ ಕೆಲವು ಟ್ರಾಕ್ಟರ್ ಟ್ರೇಲರುಗಳಿಗಿಂತ ಒಂದು ಒಳ್ಳೆಯ ಸೆವೆನ್ ಎಷ್ಟೋ ಭದ್ರ. ಆದರೆ ಅಭಿಪ್ರಾಯ ತೋರಿಸಿದರೆ ಆರ್‌ಟಿಒದವರು ಬಿಡುವುದಿಲ್ಲ.

ಇನ್ನು ನಿಮ್ಮ ಮಗನ ಹಟ. ಬೇಡ ಎನ್ನಬೇಡಿ, ಆದರೆ ಎರಡು ಷರತ್ತು ಹಾಕಿ. ಒಂದು, ಕಾರು ಸಾರ್ವಜನಿಕ ರಸ್ತೆಗೆ ಇಳಿಯಕೂಡದು. ಸ್ವಂತ ಜಾಗದಲ್ಲಿ ಇರಲಿ. ಟ್ರ್ಯಾಕಿನಲ್ಲಿ ಓಡಿಸುವ ಆಸೆಯಿದ್ದರೆ ನಮ್ಮ ದೇಶದ ಮೋಟಾರ್ ರೇಸಿಂಗ್ ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಸಂಸ್ಥೆಯ ನಿಯಮಗಳನ್ನು ಕಟ್ಟುವ ಮೊದಲೇ ಓದಿಕೊಳ್ಳಲಿ. ರೋಲ್‌ಬಾರನ್ನು ಆಮೇಲೆ ಅಂಟಿಸಿದರೆ ಒಪ್ಪುವುದಿಲ್ಲ. ಎರಡು, ಬಿಚ್ಚಲು ಕೊಳ್ಳುವ ಹಳೆಯ ಕಾರಿನ ಕಾಗದಪತ್ರ ಸರಿ ಇರಲಿ. ಬಿಚ್ಚಿ ಹಾಕಿದ ಮೇಲೆ 55ನೇ ಕಲಮಿನ ಪ್ರಕಾರ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಇಲ್ಲದಿದ್ದರೆ ಇಲ್ಲದ ಕಾರಿಗೆ ನೋಟಿಸು ಬರುತ್ತದೆ.

ಯಾವ ಕಾರು ಬಿಚ್ಚುವುದು ಎಂದರೆ, ಇವತ್ತಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರ ಎಳೆಯುವಂಥವು, ಸೆವೆನ್ ಅಚ್ಚಿಗೆ ಕೂರುವುದಿಲ್ಲ. ಹಿಂದಿನ ಚಕ್ರ ದೂಡುವ ಮಾರುತಿ ಓಮ್ನಿ, ಜಿಪ್ಸಿ, ಹಳೆಯ ಪ್ರೀಮಿಯರ್ ಪದ್ಮಿನಿ ನೋಡಬಹುದು. ನನ್ನ ಮತ ಓಮ್ನಿಗೆ. ಎಂಜಿನ್ನು ಉದ್ದಕ್ಕೆ ಕೂತಿದೆ, ಹಗುರ, ಬಿಡಿಭಾಗ ಯಾವ ತಾಲೂಕಿನಲ್ಲಾದರೂ ಸಿಗುತ್ತದೆ. ಶಕ್ತಿ ಕಡಿಮೆ ಎಂದು ಹುಡುಗ ಗೊಣಗಿದರೆ, ಮೊದಲ ಸೆವೆನ್‌ಗೂ ನಲವತ್ತೇ ಅಶ್ವಶಕ್ತಿ ಎಂದು ನೆನಪಿಸಿ. ಪದ್ಮಿನಿ ಸಿಕ್ಕರೆ ದಯವಿಟ್ಟು ಕೊಯ್ಯದಿರಿ, ಅದನ್ನೇ ರಿಪೇರಿ ಮಾಡಿ ಇಟ್ಟುಕೊಳ್ಳುವುದು ಲೇಸು.

ಇದಕ್ಕೂ ಮೇಲಾದ ದಾರಿ ಒಂದಿದೆ. ಡಿಪ್ಲೊಮಾ ಮುಗಿದ ಮೇಲೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರಬಹುದಲ್ಲ, ಆಗ ಕಾಲೇಜು ಆರಿಸುವಾಗ ಅಲ್ಲಿ ರೇಸ್ ಕಾರು ಕಟ್ಟುವ ವಿದ್ಯಾರ್ಥಿ ತಂಡ ಇದೆಯೇ ಎಂದು ವಿಚಾರಿಸಿ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡ ಇಂಥದ್ದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್, ಮತ್ತೆ ಕಚ್ಚಾ ದಾರಿಯ ಬಾಹಾ ಸ್ಪರ್ಧೆಗಳಿಗೆ ನಮ್ಮ ರಾಜ್ಯದ ಕಾಲೇಜುಗಳಿಂದ ತಂಡಗಳು ಹೋಗುತ್ತವೆ. ಅಲ್ಲೂ ಪೈಪಿನ ಚೌಕಟ್ಟು, ವೆಲ್ಡಿಂಗ್, ವಿಷ್‌ಬೋನು ಎಲ್ಲ ಇವೇ. ಖರ್ಚು ತಂಡದ್ದು, ತಪ್ಪು ತೋರಿಸಲು ಮೇಲಿನ ತರಗತಿಯವರು ಇರುತ್ತಾರೆ. ಅಷ್ಟರೊಳಗೆ ಬೇಸಿಗೆ ರಜೆಯಲ್ಲಿ ನಿಮ್ಮೂರಿನ ಒಳ್ಳೆಯ ಗ್ರಿಲ್ ವರ್ಕ್ಸ್ ಅಂಗಡಿಗೆ ಅವನನ್ನು ಕೆಲಸ ಕಲಿಯಲು ಕಳಿಸಿ. ವೈಸಿನಲ್ಲಿ ಕಚ್ಚಿಸಿ ಬಗ್ಗಿಸಿದ ಪೈಪಿನ ತುಂಡು ಹಿಡಿದುಕೊಂಡು ಮನೆಗೆ ಬಂದರೆ, ಹರಿದಿರುವುದು ಪೈಪೋ ವೆಲ್ಡೋ ನೀವೇ ನೋಡಿ. ಪೈಪು ಹರಿದಿದ್ದರೆ ಪ್ಲೈವುಡ್ ಹಲಗೆಗೆ ದುಡ್ಡು ಕೊಡಬಹುದು.